ಆಫೀಸಿಗೆ ಒಂದೊಂದು ಕಾರಿನಲ್ಲಿ ಒಬ್ಬೊಬ್ಬರೇ: ಇದನ್ನು ಬದಲಿಸುವುದು ಹೇಗೆ?

ಪ್ರಶ್ನೆ: ನಮ್ಮ ಆಫೀಸಿನಲ್ಲಿ ಸುಮಾರು 300 ಜನ ಇದ್ದೇವೆ. ಪಾರ್ಕಿಂಗ್ ಜಾಗ ಬೆಳಿಗ್ಗೆ ಒಂಬತ್ತೂವರೆಗೆಲ್ಲ ತುಂಬಿಹೋಗುತ್ತದೆ. ಕಾರ್‌ಪೂಲ್ ಮಾಡಿ, ಬಸ್ಸಿನಲ್ಲಿ ಬನ್ನಿ, ಹತ್ತಿರದವರು ಸೈಕಲ್ ತನ್ನಿ ಎಂದು ಮೇಲ್ ಕಳಿಸಿದೆವು, ಪೋಸ್ಟರ್ ಹಾಕಿದೆವು, ವಾಟ್ಸ್‌ಆ್ಯಪ್ ಗುಂಪನ್ನೂ ಮಾಡಿದೆವು. ಮೊದಲ ವಾರ ಎಲ್ಲರಿಗೂ ಉತ್ಸಾಹ ಇತ್ತು. ಈಗ ಬೆರಳೆಣಿಕೆಯಷ್ಟು ಜನ ಉಳಿದಿದ್ದಾರೆ. ನಮ್ಮವರಿಗೆ ಪರಿಸರದ ಕಾಳಜಿಯೇ ಇಲ್ಲವೇ?

ಉತ್ತರ: ಕಾಳಜಿ ಖಂಡಿತ ಇದೆ. ಆದರೆ ಬೆಳಿಗ್ಗೆ ಅವಸರದಲ್ಲಿ ಮನೆಗೆ ಬೀಗ ಹಾಕುವ ಹೊತ್ತಿನಲ್ಲಿ ಯಾರೂ ಪರಿಸರದ ಬಗ್ಗೆ ಯೋಚಿಸುತ್ತಾ ನಿಲ್ಲುವುದಿಲ್ಲ. ಯಾವುದರಲ್ಲಿ ಹೋದರೆ ಬೇಗ ತಲುಪುತ್ತೇನೆ, ಯಾವುದು ಕೈಕೊಡುವುದಿಲ್ಲ, ಯಾವುದಕ್ಕೆ ಖರ್ಚು ಕಡಿಮೆ, ಇಷ್ಟೇ ಲೆಕ್ಕ. ಹಾಗಾಗಿ ಜನರ ಮನಸ್ಸು ಬದಲಿಸುವ ಕೆಲಸ ಬಿಡಿ, ಈ ಲೆಕ್ಕವನ್ನು ಬದಲಿಸಿ.

ಮೊದಲು ಪಾರ್ಕಿಂಗ್‌ನಿಂದಲೇ ಶುರು ಮಾಡೋಣ. ನಿಮ್ಮಲ್ಲಿ ಅದು ಉಚಿತ ಅಲ್ವಾ? ಅಂದರೆ ಕಾರಿನಲ್ಲಿ ಬರುವವರಿಗೆ ಕಂಪನಿ ದಿನಾ ಸಹಾಯಧನ ಕೊಡುತ್ತಿದೆ. ಒಂದು ಕಾರು ನಿಲ್ಲಲು, ಒಳಗೆ ಓಡಾಡುವ ದಾರಿಯನ್ನೂ ಸೇರಿಸಿದರೆ, 25ರಿಂದ 30 ಚದರ ಮೀಟರ್ ಬೇಕು. ಆ ಕಾರಿನಲ್ಲಿ ಬಂದವರು ಕೂತು ಕೆಲಸ ಮಾಡುವ ಜಾಗ ಸಾಮಾನ್ಯವಾಗಿ ಅದರ ಅರ್ಧದಷ್ಟೂ ಇರುವುದಿಲ್ಲ. ಆ ಜಾಗಕ್ಕೆ ಬಾಡಿಗೆ ಇದೆ, ಕಾವಲು ಇದೆ, ದೀಪದ ಖರ್ಚಿದೆ. ಬಸ್ಸು ಹತ್ತಿ ಬರುವವರಿಗೆ ಇದರಲ್ಲಿ ಒಂದು ಪೈಸೆಯೂ ಸಿಗುವುದಿಲ್ಲ. ಹೀಗಿರುವಾಗ ಬಸ್ಸಿನಲ್ಲಿ ಬನ್ನಿ ಎಂದು ಪೋಸ್ಟರ್ ಹಾಕಿದರೆ ಯಾರು ಕೇಳುತ್ತಾರೆ?

ಅಮೆರಿಕದ ಕ್ಯಾಲಿಫೋರ್ನಿಯಾ ರಾಜ್ಯ 1992ರಲ್ಲಿ ಇದಕ್ಕೊಂದು ಕಾನೂನು ಮಾಡಿತು. ಬಾಡಿಗೆ ಕೊಟ್ಟು ಪಾರ್ಕಿಂಗ್ ಪಡೆದು ಅದನ್ನು ಉದ್ಯೋಗಿಗಳಿಗೆ ಉಚಿತವಾಗಿ ಬಿಟ್ಟುಕೊಡುವ ದೊಡ್ಡ ಕಂಪನಿಗಳು, ಆ ಜಾಗ ಬೇಡ ಎನ್ನುವವರಿಗೆ ಅಷ್ಟೇ ಮೊತ್ತವನ್ನು ನಗದಾಗಿ ಕೊಡಬೇಕು. ಡೊನಾಲ್ಡ್ ಶೂಪ್ ಎಂಬ ಪ್ರಾಧ್ಯಾಪಕರು ಇದನ್ನು ಪಾಲಿಸಿದ ಎಂಟು ಕಂಪನಿಗಳನ್ನು ಅಧ್ಯಯನ ಮಾಡಿದರು. ಒಬ್ಬರೇ ಕಾರಿನಲ್ಲಿ ಬರುವವರ ಪ್ರಮಾಣ ಶೇ 76ರಿಂದ ಶೇ 63ಕ್ಕೆ ಇಳಿದಿತ್ತು. ಕಾರು ಹಂಚಿಕೊಳ್ಳುವವರು ಶೇ 14ರಿಂದ ಶೇ 23ಕ್ಕೆ ಏರಿದ್ದರು. ಯಾರಿಂದಲೂ ಏನನ್ನೂ ಕಿತ್ತುಕೊಂಡಿರಲಿಲ್ಲ. ಕಾರು ಬೇಕಾದವರು ಕಾರಿನಲ್ಲೇ ಬಂದರು. ಕಂಪನಿಗಳ ಖರ್ಚೂ ಹೆಚ್ಚೇನೂ ಏರಲಿಲ್ಲ. ಹೆಚ್ಚುಕಡಿಮೆ ನಗದು ಕೊಟ್ಟಷ್ಟೇ ಪಾರ್ಕಿಂಗ್ ಬಾಡಿಗೆ ಉಳಿಯಿತು. ನನ್ನ ಮಟ್ಟಿಗೆ ಈ ವಿಷಯದಲ್ಲಿ ಇದಕ್ಕಿಂತ ನ್ಯಾಯವಾದ ಉಪಾಯ ಇನ್ನೊಂದಿಲ್ಲ.

ಜಾಗ ಸ್ವಂತದ್ದಾಗಿದ್ದು ನಗದು ಕೊಡುವುದು ಕಷ್ಟವಾದರೆ, ಪಾರ್ಕಿಂಗ್‌ಗೆ ಸಣ್ಣ ಶುಲ್ಕ ಇಡಬಹುದು. ಆದರೆ ತಿಂಗಳ ಪಾಸ್ ಮಾತ್ರ ಬೇಡ. ತಿಂಗಳಿಗೆ ದುಡ್ಡು ಕಟ್ಟಿದವರು, ಹೇಗೂ ಕಟ್ಟಿದ್ದೇನಲ್ಲ ಎಂದು ದಿನಾ ಕಾರು ತರುತ್ತಾರೆ. ದಿನದ ಲೆಕ್ಕವಾದರೆ ದಿನಾ ಬೆಳಿಗ್ಗೆ ಹೊಸದಾಗಿ ಯೋಚಿಸುತ್ತಾರೆ. ಬಂದ ಹಣವನ್ನು ಬಸ್ಸಿನಲ್ಲಿ, ಸೈಕಲ್‌ನಲ್ಲಿ, ಜೊತೆಯಾಗಿ ಬರುವವರಿಗೇ ಹಂಚಿ, ಹಂಚಿದ್ದು ಎಲ್ಲರಿಗೂ ಕಾಣುವಂತಿರಲಿ. ಇಲ್ಲದಿದ್ದರೆ ಕಂಪನಿ ನಮ್ಮ ಜೇಬಿಗೆ ಕೈಹಾಕಿತು ಎಂಬ ಸಿಟ್ಟು ಉಳಿಯುತ್ತದೆ, ಅದು ನ್ಯಾಯವಾದ ಸಿಟ್ಟೇ.

ಬಾಗಿಲ ಹತ್ತಿರದ ಜಾಗಗಳು ಈಗ ಯಾರಿಗೆ ಮೀಸಲು? ಮೇಲಧಿಕಾರಿಗಳಿಗೆ ತಾನೆ? ಅವುಗಳಲ್ಲಿ ಕೆಲವನ್ನು ಮೂವರು ಕೂತು ಬರುವ ಕಾರುಗಳಿಗೆ ಕೊಡಿ. ದುಡ್ಡು ಖರ್ಚಿಲ್ಲದ ಕೆಲಸ ಇದು. ಮೇಲಿನವರೇ ಜಾಗ ಬಿಟ್ಟುಕೊಟ್ಟರು ಎಂಬ ಸುದ್ದಿ ಎಲ್ಲ ಮೇಲ್‌ಗಳಿಗಿಂತ ಬೇಗ ಹರಡುತ್ತದೆ.

ಇನ್ನು ನಿಮ್ಮ ವಾಟ್ಸ್‌ಆ್ಯಪ್ ಗುಂಪಿನ ವಿಷಯ. ನೂರು ಜನರ ಗುಂಪಿನಲ್ಲಿ 'ನಾಳೆ ಯಾರಾದರೂ ಈ ಕಡೆಯಿಂದ ಬರುತ್ತೀರಾ' ಎಂದು ಕೇಳಿದರೆ ಅದು ಶುಭಾಶಯಗಳ ನಡುವೆ ಮುಳುಗಿಹೋಗುತ್ತದೆ. ಎರಡು ಸಲ ಉತ್ತರ ಸಿಗದವರು ಮೂರನೇ ಸಲ ಕೇಳುವುದಿಲ್ಲ. ಅದರ ಬದಲು ನಕ್ಷೆ ಹಿಡಿದು ಕೂರಿ. ಪೂರ್ತಿ ವಿಳಾಸ ಕೇಳಬೇಡಿ, ಹತ್ತಿರದ ವೃತ್ತವೋ ನಿಲ್ದಾಣವೋ ಸಾಕು. ಬರುವ ಹೊತ್ತು, ಹೊರಡುವ ಹೊತ್ತು ಕೇಳಿ. ಒಂದೇ ಬಡಾವಣೆಯವರನ್ನು ಮಾತ್ರ ಜೋಡಿಸಲು ಹೋಗಬೇಡಿ, ಒಂದೇ ದಾರಿಯವರನ್ನು ಜೋಡಿಸಿ. ದೂರದಿಂದ ಬರುವವರು ದಾರಿಯಲ್ಲಿ ಹತ್ತಿಸಿಕೊಳ್ಳಬಹುದಾದವರೇ ಜಾಸ್ತಿ ಇರುತ್ತಾರೆ. ಆಮೇಲೆ ಒಂದೊಂದು ದಾರಿಯ ನಾಲ್ಕೈದು ಜನರನ್ನು ಒಂದು ಕೋಣೆಯಲ್ಲಿ ಹದಿನೈದು ನಿಮಿಷ ಕೂರಿಸಿ. ಮುಖ ನೋಡಿ ಮಾತಾಡಿದವರು ಕೂಡಿ ಬರುತ್ತಾರೆ.

ನಾನು ನೋಡಿದ ಆಫೀಸುಗಳಲ್ಲಿ ಕಾರ್‌ಪೂಲ್ ಮುರಿದುಬೀಳಲು ದೊಡ್ಡ ಕಾರಣ ಸಂಜೆಯ ಮೀಟಿಂಗ್. ಐದೂಮುಕ್ಕಾಲಿಗೆ 'ಐದೇ ನಿಮಿಷ' ಎಂದು ಕರೆಯುವ ಒಬ್ಬ ಮ್ಯಾನೇಜರ್ ಮೂರು ಜನರ ಸವಾರಿ ಕೆಡಿಸುತ್ತಾರೆ. ವಾರದಲ್ಲಿ ಎರಡು ಸಲ ಹೀಗಾದರೆ ಮುಂದಿನ ವಾರ ಮೂವರೂ ಮೂರು ಕಾರು ತರುತ್ತಾರೆ. ದಿನದ ಕೊನೆಯ ಒಂದು ಗಂಟೆ ಮೀಟಿಂಗ್ ಇಡುವಂತಿಲ್ಲ ಎಂಬ ನಿಯಮ ಮಾಡಿ, ಅದನ್ನು ಮೇಲಿನವರು ಮೊದಲು ಪಾಲಿಸಲಿ. ಮನೆಯಿಂದ ಕೆಲಸ ಮಾಡುವ ದಿನಗಳಿದ್ದರೆ ಒಂದೇ ಗುಂಪಿನವರಿಗೆ ಒಂದೇ ದಿನ ಸಿಗುವಂತೆ ನೋಡಿಕೊಳ್ಳಿ.

ಕೊನೆಗೆ, ವಾರವಿಡೀ ಬನ್ನಿ ಎಂದು ಕೇಳಬೇಡಿ. ವಾರಕ್ಕೆ ಎರಡು ದಿನ ಸಾಕು. ದಿನಾ ಒಬ್ಬರೇ ಬರುವ 100 ಜನ ತಲಾ ಎರಡು ದಿನ ಕಾರು ಬಿಟ್ಟರೆ, ಐದು ದಿನದ ವಾರದಲ್ಲಿ ದಿನಕ್ಕೆ ಸರಾಸರಿ 40 ಕಾರು ಕಡಿಮೆ. ನಿಮ್ಮ ಪಾರ್ಕಿಂಗ್ ಸಮಸ್ಯೆ ಅಲ್ಲಿಗೇ ಬಹುಪಾಲು ಮುಗಿಯಿತು. ಶುರು ಮಾಡುವ ಮೊದಲು ಒಂದು ಮಾಮೂಲಿ ಕೆಲಸದ ದಿನ ಗೇಟಿನ ಬಳಿ ನಿಂತು, ಎಷ್ಟು ಕಾರು ಬಂದವು, ಅವುಗಳಲ್ಲಿ ಎಷ್ಟು ಜನ ಇದ್ದರು ಎಂದು ಎಣಿಸಿ. ಮೂರು ತಿಂಗಳ ನಂತರ ಮತ್ತೆ ಎಣಿಸಿ. ಫಾರ್ಮ್ ತುಂಬಿಸಿಕೊಂಡು ಮಾಡುವ ಸಮೀಕ್ಷೆಗಿಂತ ಈ ಎಣಿಕೆಯನ್ನು ನಂಬಬಹುದು.

ಪ್ರಶ್ನೆ: ಕಾರ್‌ಪೂಲ್‌ಗೆ ಸೇರಲು ಇಷ್ಟ ಇದೆ. ಆದರೆ ಮಗಳ ಶಾಲೆಯಿಂದ ಮಧ್ಯಾಹ್ನ ಫೋನ್ ಬಂದರೆ ಏನು ಮಾಡಲಿ? ಅಷ್ಟಾಗಿ ಪರಿಚಯವಿಲ್ಲದ ಸಹೋದ್ಯೋಗಿಗಳ ಜೊತೆ ಹೋಗಲು ಸ್ವಲ್ಪ ಹಿಂಜರಿಕೆಯೂ ಇದೆ.

ಉತ್ತರ: ನಿಮ್ಮ ಎರಡೂ ಚಿಂತೆ ಸರಿಯಾದವೇ. ಇದನ್ನು ಸುಮ್ನೆ ನೆಪ ಎಂದು ತಳ್ಳಿಹಾಕುವ ಆಫೀಸಿನಲ್ಲಿ ಈ ಯೋಜನೆ ನಡೆಯುವುದಿಲ್ಲ.

ಮೊದಲನೆಯದಕ್ಕೆ ಒಂದು ಒಳ್ಳೆಯ ಪರಿಹಾರ ಹಲವು ದೇಶಗಳಲ್ಲಿ ಬಳಕೆಯಲ್ಲಿದೆ. ಅದು 'ಮನೆಗೆ ಮರಳುವ ಖಾತ್ರಿ'. ಆ ದಿನ ಕಾರು ಹಂಚಿಕೊಂಡು, ಬಸ್ಸಿನಲ್ಲಿ ಅಥವಾ ಸೈಕಲ್‌ನಲ್ಲಿ ಬಂದ ಉದ್ಯೋಗಿಗೆ ತುರ್ತು ಬಂದರೆ, ಮೈ ಹುಷಾರು ತಪ್ಪಿದರೆ, ಅನಿರೀಕ್ಷಿತವಾಗಿ ತಡವಾದರೆ, ಕಂಪನಿಯ ಖರ್ಚಿನಲ್ಲಿ ಟ್ಯಾಕ್ಸಿ. ವರ್ಷಕ್ಕೆ ಇಷ್ಟು ಸಲ ಎಂಬ ಮಿತಿ ಇಡುತ್ತಾರೆ. ದುರುಪಯೋಗವಾಗುತ್ತದೆ ಎಂದು ಹಣಕಾಸಿನವರು ಹೆದರುತ್ತಾರೆ, ಆದರೆ ಇಂಥ ಯೋಜನೆಗಳಲ್ಲಿ ಟ್ಯಾಕ್ಸಿ ಬಳಸುವವರು ತೀರಾ ಕಡಿಮೆ. ಬೇಕಾದಾಗ ಸಿಗುತ್ತದೆ ಎಂಬ ಧೈರ್ಯವೇ ಮುಖ್ಯ. ಟ್ಯಾಕ್ಸಿ ಕೇಳಲು ಮೂರು ಜನರ ಸಹಿ ಬೇಕು ಎಂಬಂಥ ನಿಯಮ ಮಾತ್ರ ಇರಬಾರದು. ಹಾಗಿದ್ದರೆ ಆ ಧೈರ್ಯ ಬರುವುದಿಲ್ಲ. ನಿಮ್ಮ ಆಫೀಸಿನಲ್ಲಿ ಈ ಸೌಲಭ್ಯ ಇಲ್ಲದಿದ್ದರೆ ಕೇಳಿ, ಬರವಣಿಗೆಯಲ್ಲೇ ಕೇಳಿ.

ಎರಡನೆಯದಕ್ಕೆ, ಯಾರ ಜೊತೆ ಹೋಗುತ್ತೀರಿ ಎಂಬ ಆಯ್ಕೆ ಯಾವಾಗಲೂ ನಿಮ್ಮದೇ ಆಗಿರಬೇಕು. ಹೆಂಗಸರ ಜೊತೆ ಮಾತ್ರ ಎಂದು ಹೇಳುವ ಅವಕಾಶ ಪಟ್ಟಿಯಲ್ಲೇ ಇರಬೇಕು, ಅದಕ್ಕೆ ಕಾರಣ ಕೇಳಬಾರದು. ಮೊದಲು ಎರಡು ವಾರದ ಪ್ರಯೋಗ ಎಂದು ಒಪ್ಪಿಕೊಳ್ಳಿ. ಆಮೇಲೆ ಬೇಡ ಅನ್ನಿಸಿದರೆ ಯಾರಿಗೂ ಮುಜುಗರವಾಗದೆ ನಿಲ್ಲಿಸಬಹುದು. ಹತ್ತುವ, ಇಳಿಯುವ ಜಾಗ ಮನೆ ಬಾಗಿಲೇ ಆಗಬೇಕಿಲ್ಲ.

ಅಮೆರಿಕದ ರಾಜಧಾನಿ ವಾಷಿಂಗ್ಟನ್‌ಗೆ ಪಕ್ಕದ ವರ್ಜೀನಿಯಾದಿಂದ ಕೆಲಸಕ್ಕೆ ಹೋಗುವವರಲ್ಲಿ 1970ರ ದಶಕದಿಂದ ಒಂದು ಪದ್ಧತಿ ಇದೆ. ಕನಿಷ್ಠ ಇಷ್ಟು ಜನ ಇರುವ ಕಾರಿಗೆ ಮಾತ್ರ ಹೆದ್ದಾರಿಯ ವೇಗದ ಪಥ ಉಚಿತ. ಅದಕ್ಕಾಗಿ ಚಾಲಕರು ಸಾಲಿನಲ್ಲಿ ನಿಂತ ಅಪರಿಚಿತರನ್ನು ಹತ್ತಿಸಿಕೊಳ್ಳುತ್ತಾರೆ. ದುಡ್ಡಿನ ಮಾತೇ ಇಲ್ಲ, ಇಬ್ಬರಿಗೂ ಸಮಯ ಉಳಿಯುತ್ತದೆ. ಯಾರೂ ಹೇರದ ಈ ವ್ಯವಸ್ಥೆಗೆ ಜನರೇ ನಿಯಮ ಕಟ್ಟಿಕೊಂಡಿದ್ದಾರೆ. ಅದರಲ್ಲೊಂದು, ಸಾಲಿನಲ್ಲಿ ಹೆಂಗಸೊಬ್ಬರನ್ನೇ ಬಿಟ್ಟು ಹೋಗಬಾರದು. ಇನ್ನೊಂದು, ಚಾಲಕರು ಮಾತು ಶುರು ಮಾಡದೆ ಪ್ರಯಾಣಿಕರು ಹರಟೆಗೆ ಇಳಿಯಬಾರದು. ನಿಮ್ಮ ಕಾರಿನ ಗುಂಪೂ ಇಂಥ ನಾಲ್ಕು ಮಾತನ್ನು ಮೊದಲ ದಿನವೇ ಆಡಿಕೊಳ್ಳಲಿ. ಎಷ್ಟು ನಿಮಿಷ ಕಾಯುವುದು, ಹಾಡು ಬೇಕೋ ಬೇಡವೋ, ಫೋನಿನಲ್ಲಿ ಮಾತಾಡಬಹುದೋ ಇಲ್ಲವೋ. ಸಣ್ಣ ವಿಷಯ ಅನ್ನಿಸಬಹುದು, ಆದರೆ ಗುಂಪು ಒಡೆಯುವುದು ಇವುಗಳಿಂದಲೇ.

ಪ್ರಶ್ನೆ: ನನ್ನ ಕಾರಿನಲ್ಲಿ ಇಬ್ಬರು ಸಹೋದ್ಯೋಗಿಗಳು ಬರುತ್ತಾರೆ. ಇಂಧನದ ಹಣ ಕೇಳಲು ಸಂಕೋಚ. ಕೇಳಿದರೆ ಕಾನೂನಿನ ತೊಂದರೆ ಇದೆಯೇ?

ಉತ್ತರ: ಸಂಕೋಚ ಬೇಡ, ಕೇಳಿ. ಕೇಳದೆ ಒಳಗೊಳಗೇ ಬೇಸರ ಮಾಡಿಕೊಂಡವರು ಮೂರು ತಿಂಗಳಲ್ಲಿ ಏನೋ ನೆಪ ಹೇಳಿ ಜೊತೆ ಬಿಡುತ್ತಾರೆ. ಇಂಧನ, ಟೋಲ್, ಪಾರ್ಕಿಂಗ್ ಮೂರನ್ನೂ ಕೂಡಿಸಿ, ನಿಮ್ಮನ್ನೂ ಸೇರಿಸಿ ಮೂರು ಭಾಗ ಮಾಡಿ. ದಿನಾ ಚಿಲ್ಲರೆ ಕೊಡುವ ಬದಲು ತಿಂಗಳಿಗೊಮ್ಮೆ ಲೆಕ್ಕ ಮುಗಿಸಿ. ಮೂವರ ಬಳಿಯೂ ಕಾರಿದ್ದರೆ ವಾರಕ್ಕೊಬ್ಬರಂತೆ ಸರದಿ ಇಟ್ಟುಕೊಳ್ಳಿ, ಆಗ ಹಣದ ಮಾತೇ ಬರುವುದಿಲ್ಲ.

ಖರ್ಚು ಹಂಚಿಕೊಳ್ಳುವುದು ಬೇರೆ, ಲಾಭ ಮಾಡುವುದು ಬೇರೆ. ಸ್ವಂತ ಬಳಕೆಯ ಕಾರಿನಲ್ಲಿ ಬಾಡಿಗೆಗೆ ಜನರನ್ನು ಕೂರಿಸಲು ಹೆಚ್ಚಿನ ದೇಶಗಳಲ್ಲಿ ಪರವಾನಗಿ ಬೇಕು, ಅದಿಲ್ಲದೆ ಅಪಘಾತವಾದರೆ ವಿಮೆ ಕಂಪನಿ ತಕರಾರು ತೆಗೆಯಬಹುದು. ಪಡೆಯುವ ಹಣ ಆಗುವ ಖರ್ಚನ್ನು ಮೀರದಿರಲಿ. ಆದರೂ ಒಮ್ಮೆ ನಿಮ್ಮ ವಿಮೆ ಪತ್ರ ಓದಿ, ವಿಮೆಯವರಿಗೆ ಒಂದು ಮೇಲ್ ಹಾಕಿ ಉತ್ತರ ಇಟ್ಟುಕೊಳ್ಳಿ.

ನಿಮ್ಮ ಮೂವರ ಲೆಕ್ಕ ಒಂದು ಹೇಳುತ್ತೇನೆ. ಒಂದು ಲೀಟರ್ ಪೆಟ್ರೋಲ್ ಉರಿದರೆ ಸುಮಾರು 2.3 ಕಿಲೋ ಇಂಗಾಲದ ಡೈಆಕ್ಸೈಡ್ ಹೊರಬರುತ್ತದೆ. ದಿನಕ್ಕೆ ಹೋಗಿಬರಲು 30 ಕಿಲೋಮೀಟರ್, ಲೀಟರಿಗೆ 15 ಕಿಲೋಮೀಟರ್, ವರ್ಷಕ್ಕೆ 220 ದಿನ ಎಂದಿಟ್ಟುಕೊಂಡರೆ ಒಂದು ಕಾರಿಗೆ 440 ಲೀಟರ್, ಅಂದರೆ ಒಂದು ಟನ್ ಡೈಆಕ್ಸೈಡ್. ಮೂರು ಕಾರಿನ ಜಾಗದಲ್ಲಿ ಒಂದೇ ಓಡಿದರೆ ವರ್ಷಕ್ಕೆ ಎರಡು ಟನ್ ಉಳಿಯಿತು. ಇದು ಸಣ್ಣ ಕೆಲಸ ಅಲ್ಲ.

ಪ್ರಶ್ನೆ: ನಮ್ಮ ಕಾರ್ಖಾನೆ ಊರ ಹೊರಗಿದೆ. ಬಸ್ಸಿಲ್ಲ. ಪಾಳಿಯ ಕೆಲಸ. ನಮಗೆ ಏನು ದಾರಿ?

ಉತ್ತರ: ನಿಜ ಹೇಳಬೇಕೆಂದರೆ ಕೆಲಸ ನಿಮ್ಮಲ್ಲೇ ಸುಲಭ. ಎಲ್ಲರೂ ಒಂದೇ ಹೊತ್ತಿಗೆ ಬಂದು ಒಂದೇ ಹೊತ್ತಿಗೆ ಹೊರಡುತ್ತಾರೆ. ಅಮೆರಿಕದ ತ್ರೀಎಂ ಕಂಪನಿ 1973ರಲ್ಲೇ ಉದ್ಯೋಗಿಗಳಿಗೆ ವ್ಯಾನ್‌ಗಳನ್ನು ಒದಗಿಸಿ ಇಂಥದ್ದನ್ನು ಶುರು ಮಾಡಿತು. ಈ ಪದ್ಧತಿಯಲ್ಲಿ ಬೇರೆ ಚಾಲಕರು ಬೇಕಿಲ್ಲ, ಉದ್ಯೋಗಿಗಳಲ್ಲೇ ಒಬ್ಬರು ವ್ಯಾನ್ ಓಡಿಸುತ್ತಾರೆ. ಸಾಮಾನ್ಯವಾಗಿ ಅವರಿಗೆ ಪ್ರಯಾಣ ಉಚಿತ, ಉಳಿದವರು ತಿಂಗಳಿಗೆ ಇಷ್ಟು ಎಂದು ಕಟ್ಟುತ್ತಾರೆ. ಓಡಿಸಬಲ್ಲ ಇನ್ನೊಬ್ಬರನ್ನೂ ಗೊತ್ತು ಮಾಡಿರಬೇಕು, ಇಲ್ಲವಾದರೆ ಒಬ್ಬರ ರಜೆಗೆ ಹತ್ತು ಜನ ಮನೆಯಲ್ಲಿ. ಪಾಳಿ ಬದಲಿಸುವಾಗ ವ್ಯಾನಿನ ಗುಂಪನ್ನು ಒಟ್ಟಿಗೇ ಬದಲಿಸಿ. ಈ ವಿಷಯ ಪಾಳಿಪಟ್ಟಿ ಬರೆಯುವವರಿಗೆ ಗೊತ್ತಿಲ್ಲದೆ ಎಷ್ಟೋ ಕಡೆ ವ್ಯಾನ್ ನಿಂತುಹೋಗಿದೆ.

ಪ್ರಶ್ನೆ: ಆಫೀಸು ಐದು ಕಿಲೋಮೀಟರ್ ದೂರ. ಸೈಕಲ್‌ನಲ್ಲಿ ಹೋಗುವ ಆಸೆ. ಬೆವರಿನದೇ ಚಿಂತೆ.

ಉತ್ತರ: ಐದು ಕಿಲೋಮೀಟರ್ ಅಂದರೆ ನಿಧಾನವಾಗಿ ತುಳಿದರೂ 20ರಿಂದ 25 ನಿಮಿಷ. ನಿಧಾನ ಎಂಬುದೇ ಇಲ್ಲಿ ಮುಖ್ಯ, ಬೆವರು ಬರುವುದು ಅವಸರಕ್ಕೆ. ಬ್ಯಾಗನ್ನು ಬೆನ್ನಿನಿಂದ ಇಳಿಸಿ ಕ್ಯಾರಿಯರ್‌ಗೆ ಕಟ್ಟಿ, ಅರ್ಧ ಬೆವರು ಅಲ್ಲೇ ಕಡಿಮೆಯಾಗುತ್ತದೆ. ಸೋಮವಾರ ಬೇರೆ ವಾಹನದಲ್ಲಿ ಹೋಗಿ ವಾರದ ಬಟ್ಟೆಯನ್ನು ಆಫೀಸಿನಲ್ಲಿ ಇಟ್ಟುಬನ್ನಿ. ಏರು ದಾರಿ ಜಾಸ್ತಿ ಇದ್ದರೆ ಬ್ಯಾಟರಿಯ ಸೈಕಲ್ ನೋಡಿ. ಆಫೀಸಿನವರನ್ನು ಕೇಳಬೇಕಾದದ್ದು ಮೂರೇ: ಸೈಕಲ್‌ಗೆ ಬೀಗ ಹಾಕಲು ನೆರಳಿರುವ ಜಾಗ, ಒಂದು ಲಾಕರ್, ಸ್ನಾನಕ್ಕೆ ಅಥವಾ ಕನಿಷ್ಠ ಬಟ್ಟೆ ಬದಲಿಸಲು ಒಂದು ಕೋಣೆ. ಕಾರಿನಲ್ಲಿ ಹೋಗುವ ದೊಡ್ಡ ರಸ್ತೆಯಲ್ಲೇ ಹೋಗಬೇಕೆಂದಿಲ್ಲ, ಒಳರಸ್ತೆ ಸ್ವಲ್ಪ ಸುತ್ತಾದರೂ ಸುರಕ್ಷಿತ. ರಜೆಯ ದಿನ ಬೆಳಿಗ್ಗೆ ಒಮ್ಮೆ ಆ ದಾರಿಯಲ್ಲಿ ಹೋಗಿಬಂದು ಸಮಯ ನೋಡಿಕೊಳ್ಳಿ, ಆಮೇಲೆ ಕೆಲಸದ ದಿನ ಹೊರಡಿ.