ಬಡತನ ಅಲ್ಲ, ಅಂತರ

ಸರ್, ‘ಬಡತನ ಇರೋ ಕಡೆ ಹಿಂಸೆ ಜಾಸ್ತಿ ಅಲ್ವಾ, ನಮ್ಮ ಕೋಲಾರದಲ್ಲೂ ಅದೇ ಕಾರಣವಾ?’ ಅಂತ ಕೇಳಿದ್ದೀರಿ. ನನಗೆ ಹಾಗನ್ನಿಸಲ್ಲ. ಎಲ್ಲರೂ ಬಡವರಾಗಿರುವ ಊರು ಸುಮ್ನೆ ಬಡಿದಾಡಲ್ಲ. ಅಂತರ ಇರಬೇಕು, ಕೆಳಗಿದ್ದವರು ಒಂಚೂರು ತಲೆ ಎತ್ತಬೇಕು, ಆಗ ಏಟು ಬೀಳುತ್ತದೆ, ಅದೂ ಹೆಚ್ಚಾಗಿ ಮೇಲಿನವರಿಂದ.

ಮಾಲೂರು ತಾಲ್ಲೂಕಿನ ಉಳ್ಳೇರಹಳ್ಳಿ ನೋಡಿ. 2022ರಲ್ಲಿ ದಲಿತ ಹುಡುಗನೊಬ್ಬ ದೇವರ ಉತ್ಸವದ ಕೋಲು ಮುಟ್ಟಿದ ಅಂತ ಆ ಮನೆಯವರಿಗೆ 60,000 ರೂಪಾಯಿ ದಂಡ ಹಾಕಿದರು. ದುಡಿದು ತಿನ್ನುವ ಮನೆಗೆ!

ಚಿಂತಾಮಣಿ ಕಡೆಯ ಕಂಬಾಲಪಲ್ಲಿ ಇನ್ನೂ ಘೋರ. 2000ದ ಮಾರ್ಚ್‌ನಲ್ಲಿ 7 ಜನ ದಲಿತರನ್ನು ಸುಟ್ಟು ಕೊಂದರು. ಸಾಕ್ಷಿಗಳು ತಿರುಗಿಬಿದ್ದು 2006ರಲ್ಲಿ ಆರೋಪಿಗಳೆಲ್ಲ ಬಿಡುಗಡೆಯಾದರು. ಕೂಲಿಗೆ ಯಾರ ಹೊಲಕ್ಕೆ ಹೋಗಬೇಕೋ ಅವರ ಕಡೆಯವರ ವಿರುದ್ಧವೇ ಕೋರ್ಟಲ್ಲಿ ನಿಂತು ಮಾತಾಡೋದು ಅಷ್ಟು ಸುಲಭವಾ, ನೀವೇ ಹೇಳಿ.

ಕೆಳಗಿನವರು ಸಿಡಿದದ್ದೂ ಇದೆ. 2020ರ ಡಿಸೆಂಬರ್‌ನಲ್ಲಿ ನರಸಾಪುರದ ಐಫೋನ್ ಕಾರ್ಖಾನೆಯ ಗಾಜು ಪುಡಿಯಾಯಿತಲ್ಲ, ಅದು. ಒಡೆದದ್ದು ತಪ್ಪೇ. ಆದರೆ ಸಂಬಳ ಸರಿಯಾಗಿ ಬಂದಿಲ್ಲ ಅನ್ನೋ ದೂರು ಮೊದಲೇ ಇತ್ತು, ಪಾಳಿಯನ್ನು 8 ಗಂಟೆಯಿಂದ 12ಕ್ಕೆ ಏರಿಸಿದ್ದರು. ಅಲ್ಲೂ ನಾನು ನೋಡೋದು ಬಡತನವನ್ನಲ್ಲ, ದೂರು ಕೇಳೋಕೆ ಯಾರೂ ಇಲ್ಲದ್ದನ್ನು.