ಅಧ್ಯಕ್ಷೆಯಾಗಲು ಒಪ್ಪುವ ಮೊದಲು ಗಂಟೆ ಎಷ್ಟು ಕೊಡುತ್ತೀರಿ ಅಂತ ಕೇಳಿ

ಇಂಗ್ಲೆಂಡಿನ ಎನ್‌ಎಚ್‌ಎಸ್ (ಸರ್ಕಾರಿ ಆರೋಗ್ಯ ಸೇವೆ) ಆಸ್ಪತ್ರೆಗಳಲ್ಲಿ ದುಡಿಯುವ ಕನ್ನಡಿಗರಿಂದ ಸ್ಟಾಫ್ ನೆಟ್‌ವರ್ಕ್ ಬಗ್ಗೆ ಬರುವ ಪ್ರಶ್ನೆಗಳು ವರ್ಷ ಕಳೆದರೂ ಬದಲಾಗುತ್ತಿಲ್ಲ. ಹೊರದೇಶದಿಂದ ಬಂದ ನೌಕರರೇ ಸೇರಿಕೊಂಡು, ಒಬ್ಬರಿಗೊಬ್ಬರು ಆಸರೆಯಾಗಿ, ಆಡಳಿತಕ್ಕೆ ತಮ್ಮ ಮಾತು ಮುಟ್ಟಿಸುವ ಗುಂಪು ಇದು. ಹೆಚ್ಚಿನ ಪ್ರಶ್ನೆಗಳಿಗೆ ನಾಲ್ಕು ಸಾಲು ಸಾಕು. ಒಂದಕ್ಕೆ ಮಾತ್ರ ಸಾಲದು, ಅದನ್ನೇ ಮೊದಲು ತೆಗೆದುಕೊಂಡಿದ್ದೇನೆ.

ಪ್ರಶ್ನೆ: ಮಂಗಳೂರಿನಲ್ಲಿ ನರ್ಸಿಂಗ್ ಓದಿ ಇಲ್ಲಿಗೆ ಬಂದು ನಾಲ್ಕು ವರ್ಷವಾಯಿತು. ಮೆಡಿಕಲ್ ವಾರ್ಡಿನಲ್ಲಿ ಬ್ಯಾಂಡ್ 5 (ನರ್ಸ್‌ಗಳ ಮೊದಲ ಸಂಬಳ ದರ್ಜೆ) ಸ್ಟಾಫ್ ನರ್ಸ್. ನಮ್ಮ ಟ್ರಸ್ಟಿನ (ಆಸ್ಪತ್ರೆ ನಡೆಸುವ ಸಂಸ್ಥೆಯ) ನೆಟ್‌ವರ್ಕಿಗೆ ಅಧ್ಯಕ್ಷೆಯಾಗಿ ಅಂತ ಎಚ್‌ಆರ್‌ನವರು ಕೇಳುತ್ತಿದ್ದಾರೆ. ಹಿಂದಿನವರು ರಜೆಯ ದಿನಗಳಲ್ಲಿ ಬಂದು ಕೆಲಸ ಮಾಡಿ, ಕೊನೆಗೆ ಸಾಕಾಗಿ ಬಿಟ್ಟರು. ನಾನು ಒಪ್ಪಿಕೊಳ್ಳಲೇ?

ಈಗ ಕೇಳಿರುವ ರೀತಿಯಲ್ಲಾದರೆ ಒಪ್ಪಬೇಡಿ. ಸಮಯ, ದುಡ್ಡು, ಮೇಲಿನವರ ಬಾಗಿಲು, ಈ ಮೂರೂ ಬರಹದಲ್ಲಿ ಬಂದ ಮೇಲೆ ಒಪ್ಪಿ.

ಯೂನಿಯನ್ ಪ್ರತಿನಿಧಿಗೆ ಸಂಬಳಸಹಿತ ಬಿಡುವು ಕೊಡಲೇಬೇಕು ಎಂದು 1992ರ ಕಾನೂನು ಹೇಳುತ್ತದೆ. ನೆಟ್‌ವರ್ಕಿನ ಅಧ್ಯಕ್ಷರಿಗೆ ಅಂಥ ಹಕ್ಕು ಯಾವ ಕಾನೂನಿನಲ್ಲೂ ಇಲ್ಲ. ಟ್ರಸ್ಟ್ ಒಪ್ಪಿ ಬರೆದುಕೊಟ್ಟರೆ ಉಂಟು, ಇಲ್ಲದಿದ್ದರೆ ಇಲ್ಲ. ‘ನಮ್ಮ ವಾರ್ಡ್ ಮ್ಯಾನೇಜರ್ ಒಳ್ಳೆಯವರು, ಬಿಟ್ಟುಕೊಡುತ್ತಾರೆ’ ಎಂದು ಬರೆಯುವವರು ಬಹಳ ಮಂದಿ. ಆ ಒಳ್ಳೆಯವರು ಬೇರೆ ವಾರ್ಡಿಗೆ ಹೋದ ದಿನ ನಿಮ್ಮ ಬಿಡುವೂ ಅವರ ಹಿಂದೆಯೇ ಹೋಗುತ್ತದೆ.

ಇನ್ನೊಂದು ಮಾತು ಮನಸ್ಸಿನಲ್ಲಿರಲಿ. ತಾರತಮ್ಯ ತೊಡೆಯುವ, ಸಮಾನ ಅವಕಾಶ ಬೆಳೆಸುವ ಹೊಣೆಯನ್ನು 2010ರ ಈಕ್ವಾಲಿಟಿ ಆಕ್ಟಿನ 149ನೇ ಸೆಕ್ಷನ್ ಹೊರಿಸಿರುವುದು ಟ್ರಸ್ಟಿನ ಮೇಲೆ, ನಿಮ್ಮ ಮೇಲಲ್ಲ. ಅವರ ಹೊಣೆಯಲ್ಲಿ ನೀವು ಕೈಜೋಡಿಸುತ್ತಿದ್ದೀರಿ. ಅದನ್ನು ನಿಮ್ಮ ರಜೆಯಲ್ಲಿ ಬಿಟ್ಟಿ ಮಾಡಿಸಿಕೊಳ್ಳುವುದು ಅನ್ಯಾಯ. ಬೇರೆ ಕಡೆಯಿಂದ ಬಂದವರು ಸಮಾನತೆಗಾಗಿ ಸಂಬಳವಿಲ್ಲದೆ ದುಡಿಯುವುದೇ ಒಂದು ಅಸಮಾನತೆ.

ಗಂಟೆಯ ಲೆಕ್ಕಕ್ಕೆ ಬರೋಣ. ‘ತಿಂಗಳಿಗೆ ಎರಡು ಗಂಟೆ’ ಎಂಬ ಭರವಸೆ ಕಚೇರಿಯವರಿಗೆ ಸರಿಹೋದೀತು, ವಾರ್ಡಿನವರಿಗೆ ಅದರಿಂದ ಉಪಯೋಗವಿಲ್ಲ. ಹನ್ನೆರಡೂವರೆ ಗಂಟೆಯ ಲಾಂಗ್ ಡೇ ನಡುವೆ ಎರಡು ಗಂಟೆ ಎದ್ದು ಹೋದರೆ ನಿಮ್ಮ ರೋಗಿಗಳನ್ನು ಪಕ್ಕದ ಬೇಯವರು (ವಾರ್ಡಿನ ಇನ್ನೊಂದು ಭಾಗದ ನರ್ಸ್‌ಗಳು) ನೋಡಬೇಕು. ತಿಂಗಳೊಪ್ಪತ್ತಿನಲ್ಲಿ ಅವರಿಗೇ ನಿಮ್ಮ ಮೇಲೆ ಬೇಸರ ಬಂದಿರುತ್ತದೆ. ಹಾಗಾಗಿ ಇಡೀ ಶಿಫ್ಟನ್ನೇ ಕೇಳಿ. ತಿಂಗಳಿಗೊಂದು ಲಾಂಗ್ ಡೇ, ಅಂದರೆ ಬ್ರೇಕ್ ಕಳೆದು ಸಂಬಳದ 11.5 ಗಂಟೆ. ವರ್ಷಕ್ಕೆ 138 ಗಂಟೆ. 2025–26ರಲ್ಲಿ ಬ್ಯಾಂಡ್ 5ರ ಆರಂಭದ ಸಂಬಳ 31,049 ಪೌಂಡ್, ವಾರಕ್ಕೆ 37.5 ಗಂಟೆಯಂತೆ ಗಂಟೆಗೆ ಹತ್ತಿರಹತ್ತಿರ 15.88 ಪೌಂಡ್. ನಿಮ್ಮ ಜಾಗಕ್ಕೆ ಇನ್ನೊಬ್ಬರನ್ನು ಹಾಕಲು ವರ್ಷಕ್ಕೆ ಸುಮಾರು 2,200 ಪೌಂಡ್, ಅದರ ಮೇಲೆ ಟ್ರಸ್ಟ್ ಕಟ್ಟಬೇಕಾದ ಪಿಂಚಣಿ ಮತ್ತು ನ್ಯಾಷನಲ್ ಇನ್ಶೂರೆನ್ಸಿನ ಪಾಲು. ಈ ಅಂಕಿಯನ್ನು ನೀವೇ ಮೇಜಿನ ಮೇಲಿಡಿ. ‘ಸಮಯ ಕೊಡಿ’ ಎಂದು ಕೇಳಿದರೆ ‘ನೋಡೋಣ’ ಎನ್ನುತ್ತಾರೆ. ‘ಈ ಮೊತ್ತ ಯಾವ ಬಜೆಟ್ಟಿನಿಂದ ಬರುತ್ತದೆ’ ಎಂದು ಕೇಳಿದರೆ ಯಾರಾದರೂ ಒಬ್ಬರು ಉತ್ತರ ಕೊಡಲೇಬೇಕಾಗುತ್ತದೆ. ದುಡ್ಡು ವಾರ್ಡಿನ ಬಜೆಟ್ಟಿನಿಂದ ಬರುವುದಾದರೆ ಒಪ್ಪಬೇಡಿ. ನಿಮ್ಮ ಮ್ಯಾನೇಜರ್ ವಿರೋಧಿಯಾಗುವುದು ಅಲ್ಲಿಂದಲೇ.

ಆ ದಿನ ಇ-ರೋಸ್ಟರಿನಲ್ಲಿ, ಅಂದರೆ ಕಂಪ್ಯೂಟರಿನ ಪಾಳಿ ಪಟ್ಟಿಯಲ್ಲಿ, ಕಾಣಬೇಕು. ರೋಸ್ಟರ್ ಪ್ರಕಟವಾಗುವ ಮೊದಲೇ ಅದು ವಾರ್ಡಿನ ಲೆಕ್ಕದಿಂದ ಹೊರಗಿನ ಕೆಲಸದ ದಿನ ಎಂದು ನಮೂದಾಗಿರಬೇಕು. ‘ಆಮೇಲೆ ಹೊಂದಿಸೋಣ’ ಅಂದರೆ ಆ ದಿನ ಸಿಗುವುದಿಲ್ಲ. ಹೀಗೆಲ್ಲ ಮಾಡಿದ ಮೇಲೂ ಬೆಳಿಗ್ಗೆ ಏಳೂವರೆಗೆ ಫೋನ್ ಬರುತ್ತದೆ, ‘ಇಬ್ಬರು ಸಿಕ್, ಇವತ್ತೊಂದು ದಿನ ವಾರ್ಡಿಗೆ ಬಂದುಬಿಡಿ.’ ನಿಜವಾದ ಕೊರತೆಯಿದ್ದರೆ ಹೋಗಿ, ರೋಗಿಗಳು ಮೊದಲು. ಆದರೆ ಕಳೆದ ದಿನವನ್ನು ಅದೇ ನಾಲ್ಕು ವಾರದ ರೋಸ್ಟರಿನಲ್ಲಿ ಮರಳಿ ಕೊಡಬೇಕು, ಮೂರು ತಿಂಗಳಲ್ಲಿ ಎರಡು ಸಲ ಹೀಗಾದರೆ ವಿಷಯ ನೇರವಾಗಿ ಸ್ಪಾನ್ಸರ್ ಬಳಿಗೆ ಹೋಗಬೇಕು. ಈ ಎರಡು ಸಾಲು ಒಪ್ಪಂದದಲ್ಲಿ ಇರಲೇಬೇಕು.

ಸ್ಪಾನ್ಸರ್ ಅಂದರೆ ನೆಟ್‌ವರ್ಕಿನ ಬೆನ್ನಿಗೆ ನಿಲ್ಲುವ, ಟ್ರಸ್ಟಿನ ಬೋರ್ಡಿನಲ್ಲಿ ಮತವಿರುವ ಕಾರ್ಯನಿರ್ವಾಹಕ ನಿರ್ದೇಶಕರೊಬ್ಬರು. ಎಚ್‌ಆರ್ ನಿರ್ದೇಶಕರು ಬೇಡ ಎಂಬುದು ನನ್ನ ಗಟ್ಟಿ ಅಭಿಪ್ರಾಯ. ಅವರು ಕೆಟ್ಟವರೆಂದಲ್ಲ. ನೇಮಕ, ಬಡ್ತಿ, ಶಿಸ್ತುಕ್ರಮ, ನೀವು ಪ್ರಶ್ನಿಸಬೇಕಾದ್ದೆಲ್ಲ ಅವರ ಇಲಾಖೆಯದೇ. ಹಣಕಾಸು ಅಥವಾ ನರ್ಸಿಂಗ್ ನಿರ್ದೇಶಕರನ್ನು ಕೇಳಿ. ತಿಂಗಳಿಗೆ ಅರ್ಧ ಗಂಟೆ ಅವರ ಕ್ಯಾಲೆಂಡರಿನಲ್ಲಿ ವರ್ಷಕ್ಕಾಗುವಷ್ಟು ಮುಂಚೆಯೇ ಹಾಕಿಸಿ. ಜೊತೆಗೆ ಸಹ ಅಧ್ಯಕ್ಷರೊಬ್ಬರು ಬೇಕು, ಆದಷ್ಟೂ ನರ್ಸಿಂಗಿನ ಹೊರಗಿನವರು: ಪೋರ್ಟರ್, ಲ್ಯಾಬ್, ಅಡುಗೆಮನೆ. ಅವಧಿ ಎರಡು ವರ್ಷ, ಆಮೇಲೆ ಚುನಾವಣೆ.

ಇನ್ನು ಕೆಲಸ. ಅಕ್ಟೋಬರಿನಲ್ಲಿ ಬ್ಲ್ಯಾಕ್ ಹಿಸ್ಟರಿ ತಿಂಗಳು, ಅದರ ಬೆನ್ನಿಗೆ ದೀಪಾವಳಿಗೆ ಸಮೋಸಾ, ನಡುವೆ ಸೀರೆ ಉಟ್ಟು ಫೋಟೋ. ಹಬ್ಬ ಬೇಡವೆನ್ನುವುದಿಲ್ಲ. ಊರು ಬಿಟ್ಟು ಬಂದ ಹೊಸಬರು ಮುಖ ನೋಡಿ ನಗುವುದಕ್ಕೆ ಅದೇ ಒಂದು ನೆಪ. ಆದರೆ ವರ್ಷದ ಹೊತ್ತಿನಲ್ಲಿ ಕಾಲುಪಾಲಿಗಿಂತ ಹೆಚ್ಚನ್ನು ಅದಕ್ಕೆ ಕೊಟ್ಟರೆ ಉಳಿದದ್ದೆಲ್ಲ ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತೆ. ಉಳಿದ ಹೊತ್ತು ಅಂಕಿಗಳ ಮೇಲೆ ಹೋಗಲಿ.

ಅಂಕಿಗಳು ನಿಮ್ಮ ಟ್ರಸ್ಟಿನಲ್ಲೇ ಇವೆ. ನೌಕರರಲ್ಲಿ ಜನಾಂಗೀಯ ಸಮಾನತೆ ಅಳೆಯುವ ವರ್ಕ್‌ಫೋರ್ಸ್ ರೇಸ್ ಈಕ್ವಾಲಿಟಿ ಸ್ಟ್ಯಾಂಡರ್ಡ್ ಎಂಬುದು 2015ರಲ್ಲಿ ಬಂತು. ಮಾರ್ಚ್ 31ಕ್ಕೆ ಇರುವ ನೌಕರರ ಲೆಕ್ಕ ಹಿಡಿದು ಒಂಬತ್ತು ಸೂಚಕಗಳ ವರದಿಯನ್ನು ಪ್ರತಿ ಟ್ರಸ್ಟೂ ಪ್ರಕಟಿಸಬೇಕು. ನಿಮಗೆ ಮೊದಲ ಮೂರು ಸಾಕು: ಯಾವ ಬ್ಯಾಂಡಿನಲ್ಲಿ ಯಾರು ಎಷ್ಟು ಮಂದಿ, ಶಾರ್ಟ್‌ಲಿಸ್ಟ್ ಆದವರಲ್ಲಿ ಯಾರಿಗೆ ಕೆಲಸ ಸಿಕ್ಕಿತು, ಶಿಸ್ತುಕ್ರಮಕ್ಕೆ ಯಾರು ಹೆಚ್ಚು ಒಳಗಾದರು. ಎರಡನೆಯದನ್ನು ಓದುವಾಗ ಎಲ್ಲರೂ ಎಡವುತ್ತಾರೆ. ಉದಾಹರಣೆಗೆ ಬ್ಯಾಂಡ್ 6ರ ಹುದ್ದೆಗಳಿಗೆ 60 ಬಿಳಿಯರು, 90 ಮಂದಿ ಇತರರು ಶಾರ್ಟ್‌ಲಿಸ್ಟ್ ಆದರು ಎನ್ನಿ. ಎರಡೂ ಕಡೆಯಿಂದ 15–15 ಮಂದಿ ಆಯ್ಕೆಯಾದರು. ‘ಸಮಸಮ ಆಯಿತಲ್ಲ’ ಎಂದು ಸಭೆಯಲ್ಲಿ ಯಾರೋ ಹೇಳುತ್ತಾರೆ. ಅಲ್ಲ. 60ಕ್ಕೆ 15 ಅಂದರೆ ಶೇ 25, 90ಕ್ಕೆ 15 ಅಂದರೆ ಶೇ 16.7. ಮೊದಲನೆಯದನ್ನು ಎರಡನೆಯದರಿಂದ ಭಾಗಿಸಿದರೆ 1.5. ಈ ಅನುಪಾತ 0.8ರಿಂದ 1.25ರ ಒಳಗಿದ್ದರೆ ವ್ಯತ್ಯಾಸ ದೊಡ್ಡದಲ್ಲ ಎಂದು ಗಣಿಸುತ್ತಾರೆ. 1.5 ಅಂದರೆ ಕಾರಣ ಕೇಳಲೇಬೇಕು.

ಇಡೀ ಟ್ರಸ್ಟಿನ ಒಟ್ಟು ಅಂಕಿ ಕೊಟ್ಟರೆ ತೃಪ್ತಿಪಡಬೇಡಿ. ಹೊರದೇಶದಿಂದ ಗುಂಪುಗುಂಪಾಗಿ ಬ್ಯಾಂಡ್ 5ಕ್ಕೆ ತೆಗೆದುಕೊಂಡ ವರ್ಷ ಒಟ್ಟು ಅಂಕಿ ಚೆನ್ನಾಗಿಯೇ ಕಾಣುತ್ತದೆ, ಆದರೆ 5ರಿಂದ 6ಕ್ಕೆ ಯಾರೂ ಏರಿರುವುದಿಲ್ಲ. ಬ್ಯಾಂಡ್ 5ರಿಂದ 6, 6ರಿಂದ 7, ಹೀಗೆ ಬಿಡಿಸಿ ಕೇಳಿ. ತೀರಾ ಚಿಕ್ಕ ಸಂಖ್ಯೆಗಳನ್ನು ಮುಚ್ಚಿಟ್ಟೇ ಕೊಡುತ್ತಾರೆ, ಇಂತಿಂಥವರು ಎಂದು ಗುರುತು ಸಿಗಬಾರದೆಂದು. ಅದು ಸರಿಯೇ, ಜಗಳ ಬೇಡ. ಎರಡು ವರ್ಷದ್ದನ್ನು ಸೇರಿಸಿ ಕೊಡಿ ಎನ್ನಿ.

ಅಂಕಿ ಕೈಗೆ ಬಂದ ಮೇಲೆ ವರ್ಷಕ್ಕೆ ಒಂದೇ ಬೇಡಿಕೆ ಇಡಿ, ಹತ್ತು ಬೇಡ. ಹತ್ತರ ಪಟ್ಟಿ ಕೊಟ್ಟರೆ ಅತಿ ಸುಲಭದ್ದನ್ನು ಮಾಡಿ ಮುಗಿಸಿ, ಎಲ್ಲ ಮಾಡಿದೆವು ಎನ್ನುತ್ತಾರೆ. ಒಂದು ಮಾದರಿ: ‘ಬ್ಯಾಂಡ್ 6 ಮತ್ತು 7ರ ಸಂದರ್ಶನದಲ್ಲಿ ಆಯ್ಕೆಯಾಗದ ಪ್ರತಿ ಒಳಗಿನ ಅಭ್ಯರ್ಥಿಗೆ ಹತ್ತು ಕೆಲಸದ ದಿನಗಳೊಳಗೆ, ಪ್ರಶ್ನೆವಾರು ಅಂಕಗಳ ಸಮೇತ, ಪ್ಯಾನೆಲಿನ ಒಬ್ಬರು ಎದುರಿಗೆ ಕೂತು ವಿವರಿಸಬೇಕು.’ ಖರ್ಚಿಲ್ಲ, ಆಗಿದೆಯೋ ಇಲ್ಲವೋ ಎಣಿಸಬಹುದು, ಜೊತೆಗೆ ಅಂಕ ತೋರಿಸಬೇಕೆಂದು ಗೊತ್ತಿರುವ ಪ್ಯಾನೆಲ್ ಅಂಕ ಹಾಕುವಾಗಲೇ ಎಚ್ಚರವಾಗಿರುತ್ತದೆ.

ಸಭೆಯನ್ನು ಮಧ್ಯಾಹ್ನ ಹನ್ನೆರಡೂವರೆಗೆ ಟೀಮ್ಸ್‌ನಲ್ಲಿ ಮಾತ್ರ ಇಡಬೇಡಿ. ಆ ಹೊತ್ತಿಗೆ ವಾರ್ಡಿನಲ್ಲಿ ಔಷಧಿ ಸುತ್ತು, ಊಟ. ಬರುವವರು ಕಚೇರಿಯವರೇ ಆಗುತ್ತಾರೆ, ನೆಟ್‌ವರ್ಕೂ ಅವರದೇ ಆಗಿಬಿಡುತ್ತದೆ. ಒಂದೇ ಸಭೆಯನ್ನು ಎರಡು ಬೇರೆ ಹೊತ್ತಿನಲ್ಲಿ ನಡೆಸಿ. ಮೂರು ತಿಂಗಳಿಗೊಮ್ಮೆ ರಾತ್ರಿ ಪಾಳಿಯವರನ್ನು ಅವರ ವಾರ್ಡಿಗೇ ಹೋಗಿ ಹದಿನೈದು ನಿಮಿಷ ಮಾತಾಡಿಸಿ.

ಇಷ್ಟನ್ನೂ ಒಂದು ಇ-ಮೇಲಿನಲ್ಲಿ ಬರೆದು ಕಳಿಸಿ: ತಿಂಗಳಿಗೊಂದು ಶಿಫ್ಟ್, ಅದರ ಖರ್ಚಿನ ಬಜೆಟ್, ರೋಸ್ಟರಿನ ನಿಯಮ, ಸ್ಪಾನ್ಸರ್ ಹೆಸರು, ಅಂಕಿಗಳು ಯಾವ ತಿಂಗಳು ಸಿಗುತ್ತವೆ. ‘ಇವಕ್ಕೆ ಒಪ್ಪಿಗೆ ಬಂದ ದಿನದಿಂದ ಜವಾಬ್ದಾರಿ ವಹಿಸಿಕೊಳ್ಳುತ್ತೇನೆ’ ಎಂದು ಮುಗಿಸಿ. ಆರು ವಾರ ಕಾಯಿರಿ. ಉತ್ತರ ಬರದಿದ್ದರೆ ಸದಸ್ಯೆಯಾಗಿಯೇ ಇರಿ.

ಪ್ರಶ್ನೆ: ನಾನು ನೆಟ್‌ವರ್ಕಿನ ಅಧ್ಯಕ್ಷ. ಸದಸ್ಯರೊಬ್ಬರಿಗೆ ಶಿಸ್ತುಕ್ರಮದ ನೋಟಿಸ್ ಬಂದಿದೆ, ಅವರ ಪರವಾಗಿ ವಾದಿಸಲೇ?

ಬೇಡ. 1999ರ ಉದ್ಯೋಗ ಕಾನೂನಿನಂತೆ ವಿಚಾರಣೆಗೆ ಯೂನಿಯನ್ ಪ್ರತಿನಿಧಿಯನ್ನೋ ಸಹೋದ್ಯೋಗಿಯನ್ನೋ ಜೊತೆಗೆ ಕರೆದೊಯ್ಯಬಹುದು, ಹಾಗಾಗಿ ನೀವು ಹೋಗಲು ಅಡ್ಡಿಯಿಲ್ಲ. ಆದರೆ ನಿಮಗೆ ತರಬೇತಿಯಿಲ್ಲ, ಹಿಂದೆ ವಕೀಲರಿಲ್ಲ. ಉದ್ಯೋಗದಾತರ ಸ್ಪಾನ್ಸರ್‌ಶಿಪ್ ಮೇಲೆ ವೀಸಾ ಪಡೆದವರಿಗೆ ಕೆಲಸ ಹೋದರೆ ದೇಶದಲ್ಲಿ ಉಳಿಯುವುದೇ ಪ್ರಶ್ನೆಯಾಗುತ್ತದೆ. ಅಂಥ ಕಡೆ ಒಳ್ಳೆಯ ಮನಸ್ಸೊಂದೇ ಸಾಲದು. ಅವತ್ತೇ ಯೂನಿಯನ್ನಿಗೆ ಕಳಿಸಿ.

ತಾರತಮ್ಯದ ದೂರಾದರೆ ಗಡುವು ನೆನಪಿಸಿ. ಘಟನೆಯಾದ ದಿನದಿಂದ ಮೂರು ತಿಂಗಳಿಗೆ ಒಂದು ದಿನ ಕಡಿಮೆ, ಅಷ್ಟರೊಳಗೆ ಏಕಾಸ್‌ಗೆ (ಉದ್ಯೋಗದ ತಕರಾರುಗಳಲ್ಲಿ ರಾಜಿ ಮಾಡಿಸುವ ಸಂಸ್ಥೆ) ಅರ್ಜಿ ಹೋಗಿರಬೇಕು. ಒಳಗಿನ ದೂರು ನಡೆಯುತ್ತಿದೆ ಎಂಬ ಕಾರಣಕ್ಕೆ ಈ ಗಡಿಯಾರ ನಿಲ್ಲುವುದಿಲ್ಲ. ‘ಎಚ್‌ಆರ್ ಉತ್ತರ ಬರಲಿ’ ಎಂದು ಕಾದು ನ್ಯಾಯವಾದ ಪ್ರಕರಣ ಕಳೆದುಕೊಂಡವರಿದ್ದಾರೆ. ಗಡುವು ಹೆಚ್ಚಾಗಲಿದೆಯಂತೆ ಎಂಬ ಮಾತನ್ನು ನಂಬಿ ಕೂರಬೇಡಿ, ಕಡಿಮೆಯದನ್ನೇ ಲೆಕ್ಕ ಹಿಡಿಯಿರಿ. ಯೂನಿಯನ್ ಸೇರದವರಿಗೆ ಇವತ್ತೇ ಸೇರಲು ಹೇಳಿ. ತೊಂದರೆ ಶುರುವಾದ ಮೇಲೆ ಸೇರಿದವರ ಹಳೆಯ ಪ್ರಕರಣಕ್ಕೆ ಅವರು ನೆರವಾಗುವುದು ಕಷ್ಟ.

ಪ್ರಶ್ನೆ: ವೀಸಾ ವಿಷಯದಲ್ಲಿ ಸದಸ್ಯರಿಗೆ ಸಲಹೆ ಕೊಡಬಹುದೇ? ನಮ್ಮ ವಾಟ್ಸ್ಆ್ಯಪ್ ಗುಂಪಿನಲ್ಲಿ ಒಬ್ಬರು ಎಂಟು ಸಾವಿರ ಪೌಂಡಿಗೆ ಹೊಸ ಸ್ಪಾನ್ಸರ್‌ಶಿಪ್ ಕೊಡಿಸುತ್ತೇನೆ ಅನ್ನುತ್ತಿದ್ದಾರೆ.

ಆ ಮನುಷ್ಯನನ್ನು ಈಗಲೇ ಗುಂಪಿನಿಂದ ತೆಗೆಯಿರಿ. ಸ್ಪಾನ್ಸರ್‌ಶಿಪ್ ಸರ್ಟಿಫಿಕೇಟ್ ಮಾರಾಟದ ಸರಕಲ್ಲ. ಉದ್ಯೋಗದಾತರು ಕಟ್ಟಬೇಕಾದ ಇಮಿಗ್ರೇಷನ್ ಸ್ಕಿಲ್ಸ್ ಚಾರ್ಜನ್ನು ನೌಕರರಿಂದ ವಸೂಲಿ ಮಾಡುವಂತಿಲ್ಲ. ದುಡ್ಡು ಕೊಟ್ಟು ತಂದ ಕೆಲಸ ನಕಲಿ ಎಂದು ಗೊತ್ತಾದ ದಿನ ದುಡ್ಡೂ ವೀಸಾವೂ ಒಟ್ಟಿಗೇ ಹೋಗುತ್ತವೆ. ಊರಲ್ಲಿ ಹೊಲ ಅಡವಿಟ್ಟು ಬಂದವರನ್ನು ಸುಲಿಯುವ ಈ ದಲ್ಲಾಳಿಗಳ ಮೇಲೆ ಕನಿಕರ ಬೇಡ, ಅವರು ನಮ್ಮ ಭಾಷೆಯವರೇ ಆಗಿದ್ದರೂ.

ನೀವೂ ಸಲಹೆಗೆ ಇಳಿಯಬೇಡಿ. ನೋಂದಣಿಯಿಲ್ಲದೆ ವಲಸೆ ಸಲಹೆ ಕೊಡುವ ಸೇವೆ ನಡೆಸುವುದು 1999ರ ವಲಸೆ ಕಾನೂನಿನಂತೆ ಅಪರಾಧ, ಶುಲ್ಕ ತೆಗೆದುಕೊಳ್ಳದಿದ್ದರೂ. ತಮ್ಮದೇ ನೌಕರರಿಗೆ ಉಚಿತವಾಗಿ ತಿಳಿಸಲು ಉದ್ಯೋಗದಾತರಿಗೆ ವಿನಾಯಿತಿ ಇದೆ, ಆದ್ದರಿಂದ ಎಚ್‌ಆರ್‌ನ ವೀಸಾ ವಿಭಾಗದ ದಾರಿ ತೋರಿಸಿ. ಹೊರಗಿನವರಾದರೆ ವಕೀಲರೋ, ಇಮಿಗ್ರೇಷನ್ ಅಡ್ವೈಸ್ ಅಥಾರಿಟಿಯ ಪಟ್ಟಿಯಲ್ಲಿ ಇರುವವರೋ ಆಗಿರಬೇಕು. ‘ನನಗೆ ಹೀಗೇ ಆಗಿತ್ತು’ ಎಂಬ ವಾಟ್ಸ್ಆ್ಯಪ್ ಸಲಹೆ ಅತಿ ಅಪಾಯಕಾರಿ. ನಿಯಮ ಅಷ್ಟರಲ್ಲಿ ಬದಲಾಗಿರುತ್ತದೆ.

ಪ್ರಶ್ನೆ: ನೆಟ್‌ವರ್ಕ್ ಅಥವಾ ಯೂನಿಯನ್ ಸೇರಿದರೆ ವೀಸಾಕ್ಕೆ ತೊಂದರೆಯಂತೆ, ನಿಜವೇ?

ಸುಳ್ಳು.

ಪ್ರಶ್ನೆ: ಬಿಳಿಯ ಸಹೋದ್ಯೋಗಿಗಳನ್ನು ಸೇರಿಸಿಕೊಳ್ಳಬೇಕೇ?

ಸೇರಿಸಿಕೊಳ್ಳಿ. ಪೋಲೆಂಡಿನವರೂ ರೊಮೇನಿಯಾದವರೂ ವಲಸೆ ಬಂದವರೇ.

ಪ್ರಶ್ನೆ: ಬಡ್ತಿಯಲ್ಲಿ ನಮಗೆ ಮೀಸಲಾತಿ ಕೇಳಬಹುದೇ?

ಇಲ್ಲಿ ಕೋಟಾ ಕಾನೂನುಬಾಹಿರ. ಇಬ್ಬರು ಸಮಾನ ಅರ್ಹರಿದ್ದಾಗ ಮಾತ್ರ, ಈಕ್ವಾಲಿಟಿ ಆಕ್ಟಿನ 159ನೇ ಸೆಕ್ಷನ್ ಹಿಡಿದು, ಕಡಿಮೆ ಪ್ರಾತಿನಿಧ್ಯವಿರುವವರನ್ನು ಆರಿಸಬಹುದು.

ಪ್ರಶ್ನೆ: ಉಚ್ಚಾರಣೆ ತಿದ್ದಿಕೊಂಡರೆ ಬಡ್ತಿ ಸಿಗುತ್ತದೆ ಎಂದು ಒಬ್ಬರು ಆನ್‌ಲೈನ್ ಕೋರ್ಸ್ ಮಾರುತ್ತಿದ್ದಾರೆ. ಸೇರಲೇ?

ಬೇಡ. ಹ್ಯಾಂಡೋವರ್ (ಪಾಳಿ ಬದಲಾಗುವಾಗ ರೋಗಿಗಳ ವಿವರ ಒಪ್ಪಿಸುವುದು) ಸ್ಪಷ್ಟವಾಗಿ ಕೊಡಲು ಬಂದರೆ ಸಾಕು. ಆ ದುಡ್ಡು ಊರಿಗೆ ಕಳಿಸಿ.

ಪ್ರಶ್ನೆ: ನಮ್ಮ ನೆಟ್‌ವರ್ಕಿನ ಸಮಿತಿಯಲ್ಲಿ ಎಲ್ಲರೂ ಒಂದೇ ರಾಜ್ಯದವರು. ಹೊಸಬರು ಬಂದರೆ ಅಡ್ಡಹೆಸರು, ಊರು, ‘ನೀವು ಯಾವ ಪೈಕಿ’ ಅಂತ ವಿಚಾರಿಸುತ್ತಾರೆ. ಇದನ್ನು ಎತ್ತಿದರೆ ಒಗ್ಗಟ್ಟು ಒಡೆಯುತ್ತದಂತೆ.

ಎತ್ತಿ. ಜಾತಿ ಎಂಬ ಪದ ಈಕ್ವಾಲಿಟಿ ಆಕ್ಟಿನ ಪಟ್ಟಿಯಲ್ಲಿಲ್ಲ. ಅದನ್ನು ಸೇರಿಸಬೇಕೆಂದು ಪಾರ್ಲಿಮೆಂಟ್ 2013ರಲ್ಲಿ ಹೇಳಿದರೂ ಸರ್ಕಾರ ಸೇರಿಸುವುದಿಲ್ಲವೆಂದು 2018ರಲ್ಲಿ ತೀರ್ಮಾನಿಸಿತು. ಹಾಗೆಂದು ಕಾನೂನು ಕೈಕಟ್ಟಿ ಕೂತಿಲ್ಲ. ಜಾತಿಯ ತಾರತಮ್ಯವೂ ‘ಜನಾಂಗೀಯ ಮೂಲ’ದ ಅಡಿಯಲ್ಲಿ ಬರಬಹುದು ಎಂದು ಎಂಪ್ಲಾಯ್‌ಮೆಂಟ್ ಅಪೀಲ್ ಟ್ರಿಬ್ಯುನಲ್ 2014ರಲ್ಲೇ ಹೇಳಿದೆ. ಸಮಿತಿಗೆ ನಿಯಮ ಬರೆಯಿರಿ: ಒಂದೇ ದೇಶದವರು ಅರ್ಧಕ್ಕಿಂತ ಹೆಚ್ಚಿರುವಂತಿಲ್ಲ, ಸಭೆಯ ಭಾಷೆ ಇಂಗ್ಲಿಷ್, ಸದಸ್ಯರ ಪಟ್ಟಿ ಟ್ರಸ್ಟಿನ ಕಂಪ್ಯೂಟರಿನಲ್ಲೇ ಇರಬೇಕು, ಯಾರದೋ ಫೋನಿನಲ್ಲಲ್ಲ. ತಾನು ತಾರತಮ್ಯ ಅನುಭವಿಸಿ ಬಂದವರು ಇನ್ನೊಬ್ಬರ ಹುಟ್ಟು ಕೆದಕುವುದನ್ನು ಒಗ್ಗಟ್ಟು ಎಂದು ಕರೆಯಬೇಡಿ.

ಪ್ರಶ್ನೆ: ಟೀ ರೂಮಿನಲ್ಲಿ ಇಬ್ಬರು ಕನ್ನಡದಲ್ಲಿ ಮಾತಾಡಿದ್ದಕ್ಕೆ ‘ಇಲ್ಲಿ ಇಂಗ್ಲಿಷ್ ಮಾತ್ರ’ ಎಂದು ಮ್ಯಾನೇಜರ್ ಚೀಟಿ ಅಂಟಿಸಿದ್ದಾರೆ.

ರೋಗಿಯ ಹಾಸಿಗೆಯ ಪಕ್ಕ, ಹ್ಯಾಂಡೋವರಿನಲ್ಲಿ, ಫೋನಿನಲ್ಲಿ ಕೆಲಸದ ಮಾತಾಡುವಾಗ ಇಂಗ್ಲಿಷೇ ಇರಬೇಕು. ಮಲಗಿರುವ ಅಜ್ಜಿಗೆ ತನ್ನ ಬಗ್ಗೆಯೇ ಏನೋ ಅನ್ನುತ್ತಿದ್ದಾರೆ ಅನ್ನಿಸಬಾರದು. ಬ್ರೇಕಿನಲ್ಲಿ, ಟೀ ರೂಮಿನಲ್ಲಿ ಅಂಥ ಕಾರಣವಿಲ್ಲ. ಅಲ್ಲಿಯೂ ಒಟ್ಟಾರೆ ನಿಷೇಧ ಹಾಕಿದರೆ ಅದು ಪರೋಕ್ಷ ತಾರತಮ್ಯವಾಗುವ ಸಾಧ್ಯತೆ ದೊಡ್ಡದು. ಚೀಟಿಯ ಫೋಟೋ ತೆಗೆದಿಡಿ, ತಾರೀಕು ಬರೆದುಕೊಳ್ಳಿ, ಹರಿದು ಹಾಕಬೇಡಿ. ಟ್ರಸ್ಟಿನ ಭಾಷಾ ನೀತಿ ತೋರಿಸಿ ಎಂದು ಇ-ಮೇಲಿನಲ್ಲಿ ಕೇಳಿ. ನೀತಿಯೇ ಇಲ್ಲದಿದ್ದರೆ ಅದನ್ನು ಬರೆಯಿಸುವುದೇ ನೆಟ್‌ವರ್ಕಿನ ಈ ವರ್ಷದ ಬೇಡಿಕೆಯಾಗಲಿ. ಮೂರನೆಯವರು ಅದೇ ಮೇಜಿಗೆ ಬಂದು ಕೂತಾಗ ಮಾತು ಇಂಗ್ಲಿಷಿಗೆ ತಿರುಗಿಸಿ.