ಯುದ್ಧದ ನಡುವೆ ಸರ್ಕಾರವೇ ಹೊಣೆ ಹೊತ್ತು ರೈತರಿಗೆ ಬ್ಯಾಂಕ್ ಸಾಲ ಕೊಡಿಸುವುದರಿಂದ ಪ್ರಯೋಜನವಿದೆಯೇ?

ಯುದ್ಧ ನಡೆಯುತ್ತಿರುವ ದೇಶದಲ್ಲಿ ಬಿತ್ತನೆಗೆಂದು ಕೊಟ್ಟ ಸಾಲ ವಸೂಲಾಗುವುದೇ, ಆ ಹಣದಲ್ಲಿ ಸರ್ಕಾರ ನೇರವಾಗಿ ಧಾನ್ಯ ಖರೀದಿಸುವುದು ಮೇಲಲ್ಲವೇ ಎಂದು ಕೇಳಿದ್ದೀರಿ. ಗ್ರಾಮೀಣ ಶಾಖೆಯಲ್ಲಿ ಬೆಳೆ ಸಾಲದ ಕಡತಗಳನ್ನು ನೋಡಿಕೊಂಡಿದ್ದವನಾಗಿ, 2022ರ ಉಕ್ರೇನನ್ನು ಮುಂದಿಟ್ಟುಕೊಂಡು ಉತ್ತರಿಸುತ್ತೇನೆ. ಪ್ರಯೋಜನ ಖಂಡಿತ ಇದೆ. ಆದರೆ ಅಲ್ಲಿ ಕೆಲಸ ಮಾಡಿದ್ದು ಬಡ್ಡಿ ರಿಯಾಯಿತಿಗಿಂತ ಹೆಚ್ಚಾಗಿ ಸರ್ಕಾರದ ಖಾತರಿ, ಅಂದರೆ ಸಾಲ ಮರಳದಿದ್ದರೆ ತಾನು ತುಂಬಿಕೊಡುವೆನೆಂಬ ಭರವಸೆ, ಎಂಬುದು ನನ್ನ ಅಭಿಪ್ರಾಯ.

ರಷ್ಯಾ ದಾಳಿ ಆರಂಭಿಸಿದ್ದು ಫೆಬ್ರುವರಿ 24ರಂದು. ಅಲ್ಲಿ ಮೆಕ್ಕೆಜೋಳ, ಸೂರ್ಯಕಾಂತಿ ಬಿತ್ತುವುದು ಏಪ್ರಿಲ್ ಮತ್ತು ಮೇ ತಿಂಗಳಲ್ಲಿ. ಅಷ್ಟರೊಳಗೆ ಬೀಜ, ಗೊಬ್ಬರ, ಡೀಸೆಲ್ ಹೊಂದಿಸಿಕೊಳ್ಳದಿದ್ದರೆ ಹದ ತಪ್ಪುತ್ತದೆ, ಆಮೇಲೆ ಎಷ್ಟು ಹಣ ಬಂದರೂ ಆ ವರ್ಷದ ಬೆಳೆ ಬರುವುದಿಲ್ಲ. ಧಾನ್ಯ ಖರೀದಿಸಬೇಕೆಂದರೂ ಯಾರಾದರೂ ಅದನ್ನು ಬಿತ್ತಿರಲೇಬೇಕಲ್ಲವೇ? ಬೇರೆ ವರ್ಷಗಳಲ್ಲಾದರೆ ಹಿಂದಿನ ಫಸಲು ಮಾರಿದ ಹಣದಲ್ಲಿ ಈ ಖರ್ಚು ನಡೆಯುತ್ತಿತ್ತು. ಆ ವರ್ಷ ಕಪ್ಪು ಸಮುದ್ರದ ಬಂದರುಗಳು ಮುಚ್ಚಿದ್ದರಿಂದ ಸುಮಾರು 2 ಕೋಟಿ ಟನ್ ಧಾನ್ಯ ದೇಶದೊಳಗೇ ಸಿಕ್ಕಿಹಾಕಿಕೊಂಡು, ಉಗ್ರಾಣ ತುಂಬಿದ್ದರೂ ರೈತರ ಕೈಯಲ್ಲಿ ಕಾಸಿರಲಿಲ್ಲ.

ಇದನ್ನು ಸಾಲ ಮಂಜೂರು ಮಾಡುವವರ ಕಡೆಯಿಂದ ನೋಡಿ. ಆಧಾರವಾಗಿಟ್ಟ ಟ್ರ್ಯಾಕ್ಟರ್ ನಾಳೆ ಶೆಲ್ ಬಿದ್ದು ಸುಟ್ಟುಹೋಗಬಹುದು, ಹೊಲದಲ್ಲಿ ನೆಲಬಾಂಬ್ ಹುದುಗಿರಬಹುದು, ಉಗ್ರಾಣದ ಧಾನ್ಯಕ್ಕೆ ಗಿರಾಕಿಯೇ ಇಲ್ಲ, ಸಾಗುವಳಿಯ ಜಮೀನಿನಲ್ಲಿ ಬಹುಪಾಲು ಗೇಣಿಯದ್ದಾದ್ದರಿಂದ ಅಡಮಾನಕ್ಕೂ ಬಾರದು. ಎಷ್ಟೇ ಬಡ್ಡಿ ಕೊಡುತ್ತೇನೆಂದರೂ ಇಂತಹ ಅರ್ಜಿಗೆ ಯಾವ ಮ್ಯಾನೇಜರೂ ಸಹಿ ಹಾಕುವುದಿಲ್ಲ. ಉಕ್ರೇನ್ ಸರ್ಕಾರ ಮಾರ್ಚ್ ತಿಂಗಳಲ್ಲೇ ಬಡ್ಡಿಯನ್ನು ತಾನು ಭರಿಸಿ ಆರು ತಿಂಗಳ ಬಿತ್ತನೆ ಸಾಲವನ್ನು ಶೂನ್ಯ ಬಡ್ಡಿಗೆ ಕೊಡಿಸಿದ್ದಲ್ಲದೆ, ಸಾಲದ ಶೇ 80ರವರೆಗಿನ ಭಾಗಕ್ಕೆ ತಾನೇ ಖಾತರಿ ನಿಂತಿತು. ಉಳಿದ ಪಾಲಿನ ನಷ್ಟ ಬ್ಯಾಂಕಿನ ತಲೆಗೇ ಬರುತ್ತಿದ್ದುದರಿಂದ ಕಂಡಕಂಡವರಿಗೆ ಹಣ ಹಂಚುವಂತೆಯೂ ಇರಲಿಲ್ಲ. ಸಣ್ಣ ಉದ್ಯಮಗಳಿಗೆಂದು 2020ರಲ್ಲೇ ಶೇ 5, 7, 9ರ ಬಡ್ಡಿಗೆ ಆರಂಭವಾಗಿದ್ದ ‘5-7-9’ ಸಾಲ ಯೋಜನೆಯ ವ್ಯವಸ್ಥೆ ಸಿದ್ಧವಾಗಿತ್ತು, ಪ್ರಿವಾಟ್‌ಬ್ಯಾಂಕ್, ಓಷಾದ್‌ಬ್ಯಾಂಕ್‌ನಂತಹ ದೊಡ್ಡ ಬ್ಯಾಂಕುಗಳು ಸರ್ಕಾರದ ಒಡೆತನದಲ್ಲಿದ್ದವು. ಆದ್ದರಿಂದಲೇ ಬಿತ್ತನೆಯ ಹೊತ್ತಿಗೆ ಹಣ ತಲುಪಿತು. ನಮ್ಮ ಸಹಕಾರ ಸಂಘಗಳ ಶೂನ್ಯ ಬಡ್ಡಿ ಬೆಳೆ ಸಾಲವನ್ನು ಬಲ್ಲವರು ಬಡ್ಡಿಯ ಭಾಗವನ್ನಷ್ಟೇ ಗಮನಿಸಿ ಖಾತರಿಯನ್ನು ಮರೆಯುವುದುಂಟು.

ಇದಕ್ಕೆ ತೆತ್ತ ಬೆಲೆ ಸಣ್ಣದಲ್ಲ. ಜೂನ್‌ನಲ್ಲಿ ಅಲ್ಲಿನ ಕೇಂದ್ರ ಬ್ಯಾಂಕ್ ನೀತಿ ದರವನ್ನು (ಉಳಿದ ಬ್ಯಾಂಕುಗಳ ಬಡ್ಡಿಗೆ ಆಧಾರವಾಗುವ ದರ) ಶೇ 10ರಿಂದ ಒಮ್ಮೆಲೇ ಶೇ 25ಕ್ಕೆ ಏರಿಸಿದ ಮೇಲೆ ಬಡ್ಡಿ ನೆರವಿನ ಭಾರ ಹೆಚ್ಚಿತು, ಮುಂದೆ ಸರ್ಕಾರದಿಂದ ಬ್ಯಾಂಕುಗಳಿಗೆ ಸಲ್ಲಬೇಕಾದ ಬಾಕಿಯೂ ಬೆಳೆಯಿತು. 2021ರಲ್ಲಿ ಸುಮಾರು 8.6 ಕೋಟಿ ಟನ್ ಇದ್ದ ಧಾನ್ಯದ ಇಳುವರಿ 2022ರಲ್ಲಿ 5 ಕೋಟಿ ಟನ್‌ಗಿಂತ ತುಸು ಮೇಲಷ್ಟೇ ನಿಂತಿತು. ಆಕ್ರಮಿತ ನೆಲಕ್ಕೆ, ನೆಲಬಾಂಬುಗಳಿಗೆ ಸಾಲದಲ್ಲಿ ಪರಿಹಾರವಿಲ್ಲ.

ಬೆಳೆದದ್ದನ್ನು ಸಾಗಿಸುವ ದಾರಿ ಇಲ್ಲದಿದ್ದರೆ ಸಾಲ ಹೊರೆಯಾಗಿ ಮಾತ್ರ ಉಳಿಯುತ್ತದೆ. ಉಕ್ರೇನಿನ ರೈಲು ಹಳಿಗಳ ಅಗಲ 1,520 ಮಿಲಿಮೀಟರ್, ಪೋಲೆಂಡ್ ಕಡೆಯದ್ದು 1,435. ಹಾಗಾಗಿ ಗಡಿಯಲ್ಲಿ ಧಾನ್ಯವನ್ನು ಬೇರೆ ವ್ಯಾಗನ್‌ಗಳಿಗೆ ತುಂಬಬೇಕು, ಇಲ್ಲವೇ ವ್ಯಾಗನ್‌ಗಳ ಗಾಲಿಗಳನ್ನೇ ಬದಲಿಸಬೇಕು. ಆ ಖರ್ಚೆಲ್ಲ ಕೊನೆಗೆ ರೈತನಿಗೆ ಸಿಗುವ ಬೆಲೆಯಿಂದಲೇ ಕಡಿತವಾಗುತ್ತಿತ್ತು. 2022ರ ಜುಲೈನಲ್ಲಿ ಕಪ್ಪು ಸಮುದ್ರದ ಮೂಲಕ ಧಾನ್ಯ ಸಾಗಿಸಲೆಂದು ಇಸ್ತಾಂಬುಲ್‌ನಲ್ಲಿ ಆದ ಒಪ್ಪಂದದಡಿ ಒಂದು ವರ್ಷದಲ್ಲಿ ಸುಮಾರು 3.3 ಕೋಟಿ ಟನ್ ಆಹಾರ ಪದಾರ್ಥ ಹಡಗೇರಿದ ಮೇಲೆಯೇ ಸಾಲ ತೀರಿಸುವ ಮಾತಿಗೆ ಅರ್ಥ ಬಂದದ್ದು. ಆ ವರ್ಷ ನಮ್ಮ ಅಡುಗೆಮನೆಗಳಲ್ಲಿ ಸೂರ್ಯಕಾಂತಿ ಎಣ್ಣೆ ತುಟ್ಟಿಯಾಗಿದ್ದಕ್ಕೂ ಇದೇ ಬಂದರುಗಳು ಮುಚ್ಚಿದ್ದು ಒಂದು ಮುಖ್ಯ ಕಾರಣ.

ಇನ್ನು ಹಿತ್ತಲಲ್ಲಿ ಆಲೂಗಡ್ಡೆ ಬೆಳೆದು ನಾಲ್ಕು ಹಸು ಸಾಕುವ ಕುಟುಂಬಗಳು ಬ್ಯಾಂಕಿನ ಮೆಟ್ಟಿಲು ಹತ್ತುವುದೇ ಅಪರೂಪ, ಆದರೆ ಅಲ್ಲಿನ ಆಲೂಗಡ್ಡೆಯ ಬಹುಪಾಲು ಅವರದ್ದೇ. ಅಂತಹ ಸಣ್ಣ ಹಿಡುವಳಿದಾರರಿಗೆ ಐರೋಪ್ಯ ಒಕ್ಕೂಟದ ನೆರವಿನಿಂದ ಹೆಕ್ಟೇರಿಗೆ 3,100 ಹ್ರಿವ್ನಿಯಾ (ಉಕ್ರೇನಿನ ಹಣ), ಹಸುವೊಂದಕ್ಕೆ 5,300 ಹ್ರಿವ್ನಿಯಾ ನೇರ ಸಹಾಯಧನ ಕೊಟ್ಟದ್ದು ಸರಿಯಾದ ನಿರ್ಧಾರವೆಂದು ನಾನು ಭಾವಿಸುತ್ತೇನೆ. ಅವರಿಗೆ ಸಾಲದ ಬದಲು ಕೊಡಬೇಕಾದದ್ದು ಅದನ್ನೇ.